ಅಲ್ಮೀಡಾ ಅವರಿಗೆ ನಾವು ಕೊಟ್ಟ ಮೌನ

ಪೂಜ್ಯ ಪಾದ್ರಿಗಳೇ, ಮೊದಲ ಸಾಲಿನಲ್ಲಿ ಕುಳಿತಿರುವ ಸಿಸ್ಟರ್ ಕ್ಲೀಟಾ ಅವರೇ, ಟ್ರೂಸ್‌ಡೇಲ್ ಮನೆತನದ ಬಂಧುಗಳೇ, ಹಿರಿಯಮ್ಮಂದಿರ ಬೆಂಚಿನಲ್ಲಿರುವ ತಾಯಂದಿರೇ, ಗಾಯಕವೃಂದದ ಮಕ್ಕಳೇ, ಬಿಳಿ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತಿರುವ ನಮ್ಮ ಸ್ವಯಂಸೇವಕರೇ — ಎಲ್ಲರಿಗೂ ಲೂಷಿಯಸ್ ಬ್ರಾಡ್‌ನ್ಯಾಕ್ಸ್‌ನ ವಂದನೆಗಳು.

ಎರಡನೇ ಸಾಲಿನಲ್ಲಿ ನಮ್ಮೂರಿನ ಸಂಗೀತ ಸಭಾಂಗಣ ವಿಟ್ಲಾಕ್ ಹಾಲ್‌ನ ಆಡಳಿತ ಮಂಡಳಿಯ ಮಹನೀಯರು ಕೂತಿದ್ದಾರೆ. ತಮಗೂ ವಂದನೆಗಳು. ನಮ್ಮ ಚರ್ಚಿಗೆ ತಾವು ಮುಂಬಾಗಿಲಿನಿಂದಲೇ ಬಂದಿರಿ, ಮುಂದೆಯೇ ಕೂತಿರಿ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕಾರ್ಯಕ್ರಮದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಐದು ನಿಮಿಷ ಅಂತ ಬರೆದಿದ್ದಾರೆ. ನಾನು, ಈಗ ನಮ್ಮನ್ನಗಲಿರುವ ಅಲ್ಮೀಡಾ ಟ್ರೂಸ್‌ಡೇಲ್ ಅವರ ಹಾಡಿಗೆ ಮೂವತ್ತೊಂದು ವರ್ಷ ಪಿಯಾನೋ ನುಡಿಸಿದವನು. ಮೂವತ್ತೊಂದು ವರ್ಷ ಆಕೆಯಿಂದ ಎರಡು ಹೆಜ್ಜೆ ಹಿಂದೆ ಕೂತು, ಆಕೆ ಉಸಿರು ತೆಗೆದುಕೊಳ್ಳುವುದನ್ನು ಕಾದವನು. ಇವತ್ತು ನೀವು ನನಗಾಗಿ ಸ್ವಲ್ಪ ಕಾಯಬೇಕು. ಎಪ್ಪತ್ತರ ಮುದುಕ, ಸಿಟ್ಟಿನಲ್ಲಿದ್ದೇನೆ. ಸಿಟ್ಟಿನಲ್ಲಿರುವವನಿಗೆ ಐದು ನಿಮಿಷ ಸಾಲುವುದಿಲ್ಲ.

ಸಿಟ್ಟು ಯಾಕೆ ಅಂತೀರಾ — ಇಗೋ, ಇದು. ಬಾಗಿಲಲ್ಲಿ ನಿಮಗೆಲ್ಲ ಒಂದೊಂದು ಕೊಟ್ಟಿದ್ದಾರಲ್ಲ, ಹೊಳೆಯುವ ಕಾಗದದ ಪುಸ್ತಿಕೆ. ಅದರ ಮೂರನೇ ಪುಟ ತೆಗೆಯಿರಿ. ತೆಗೆದಿರಾ? ಓದುತ್ತೇನೆ. "ಸಾವಿರದ ಒಂಬೈನೂರ ನಲವತ್ತೇಳರ ಮಾರ್ಚ್ ತಿಂಗಳ ಆ ಸ್ಮರಣೀಯ ಸಂಜೆ, ಹ್ಯಾಡ್ಲಿ ಬ್ಲಫ್ ನಗರವು ತನ್ನ ಹೆಮ್ಮೆಯ ಮಗಳನ್ನು ವಿಟ್ಲಾಕ್ ಹಾಲಿನಲ್ಲಿ ಎರಡೂ ಕೈ ಚಾಚಿ ಬರಮಾಡಿಕೊಂಡಿತು. ಇಡೀ ಸಭೆ ಮಂತ್ರಮುಗ್ಧವಾಗಿ, ಮೌನವಾಗಿ ಆಲಿಸಿತು."

ಎರಡೂ ಕೈ ಚಾಚಿ. ಮಂತ್ರಮುಗ್ಧವಾಗಿ. ಮೌನವಾಗಿ.

ಇದನ್ನೇ ಹಿತ್ತಾಳೆ ಫಲಕದಲ್ಲಿ ಕೊರೆಸಿ ಮುಂದಿನ ಭಾನುವಾರ ಹಾಲಿನ ಬಾಗಿಲಿಗೆ ಹಾಕುತ್ತಾರಂತೆ. ಅದಕ್ಕೆ ಮನೆಯವರ ಒಪ್ಪಿಗೆ ಬೇಕಂತೆ. ಹೋದ ಮಂಗಳವಾರ ಅಲ್ಮೀಡಾ ಅವರ ತಂಗಿ ಸಿಸ್ಟರ್ ಕ್ಲೀಟಾ ನನ್ನನ್ನು ಮನೆಗೆ ಕರೆದರು. ಅಡುಗೆಮನೆಯ ಮೇಜಿನ ಮೇಲೆ ಒಪ್ಪಿಗೆಯ ಕಾಗದ, ಪಕ್ಕದಲ್ಲಿ ಪೆನ್ನು. ಬಟ್ಟಲಿನಲ್ಲಿ ನನ್ನ ಪಾಲಿನ ಪೀಚ್ ಕಡುಬು, ತಣ್ಣಗಾಗುತ್ತಿತ್ತು.

"ಬ್ರದರ್ ಲೂಷಿಯಸ್, ಆಗ ನಾನು ಡೆಟ್ರಾಯಿಟ್‌ನಲ್ಲಿ ನರ್ಸ್ ಕೆಲಸದಲ್ಲಿದ್ದೆ, ರಜೆ ಸಿಗಲಿಲ್ಲ," ಅಂದರು. "ಅಮ್ಮ ಏನೂ ಹೇಳಲಿಲ್ಲ. ಅಕ್ಕನ ಕೇಳಿದ್ರೆ ಮಾತು ತೇಲಿಸಿಬಿಡ್ತಿದ್ಲು. ನೀವು ಅಲ್ಲೇ ಇದ್ರಿ. ಇಲ್ಲಿ ಬರ್ದಿರೋದು ನಿಜಾನಾ? ನಿಜ ಆದ್ರೆ ಸಹಿ ಹಾಕ್ತೀನಿ. ಅಲ್ಲ ಅಂದ್ರೆ ಹಾಕಲ್ಲ. ನಿಮ್ಮ ಮಾತು ಕೊನೆ."

ನಾನು ಕಡುಬು ತಿಂದೆ. "ಸಭೇಲಿ ಹೇಳ್ತೀನಮ್ಮ" ಅಂದೆ. ಹೇಡಿಯ ಮಾತು ಅದು — ಆದರೆ ಕೊಟ್ಟ ಮಾತು. ಅದನ್ನು ತೀರಿಸಲು ನಿಂತಿದ್ದೇನೆ.

ಈ ಚರ್ಚಿನಿಂದಲೇ ಶುರು ಮಾಡುತ್ತೇನೆ. ಆಕೆ ಶುರುವಾಗಿದ್ದು ಇಲ್ಲೇ. ಇಗೋ, ಈ ಮೆಟ್ಟಿಲ ಮೇಲೆ, ಒಂಬತ್ತು ವರ್ಷದ ಹುಡುಗಿ, ಈಸ್ಟರ್ ಭಾನುವಾರ, ಗಂಜಿ ಹಾಕಿದ ಫ್ರಾಕು. ಅವರಮ್ಮ ಮದರ್ ಹೆಸ್ಟರ್ ಹೊಲಿದದ್ದು. ಊರಿನ ಅರ್ಧ ಜನ ಮದರ್ ಹೆಸ್ಟರ್ ಹೊಲಿದ ಬಟ್ಟೆಯಲ್ಲೇ ಮದುವೆಯಾದವರು, ಉಳಿದರ್ಧ ಅದರಲ್ಲೇ ಮಣ್ಣಾದವರು. ಹುಡುಗಿ ಹಾಡಲು ಬಾಯಿ ತೆರೆದಳು. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ನಾನು ಹನ್ನೊಂದರ ಪೋರ, ಕಾಲು ಹಾರ್ಮೋನಿಯಂ ತುಳಿಯುತ್ತಿದ್ದೆ. ನೋಡುತ್ತೇನೆ — ಗದ್ದ ನಡುಗುತ್ತಿದೆ, ಇನ್ನೇನು ಓಡಿಹೋಗುತ್ತಾಳೆ.

ಆಗ ಆ ಮೂಲೆಯಿಂದ, ಅದೇ ಹಿರಿಯಮ್ಮಂದಿರ ಬೆಂಚಿನಿಂದ, ಮದರ್ ಹೆಸ್ಟರ್ ಧ್ವನಿ. ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ.

"ಸಾವಕಾಶ, ಮಗಳೇ. ನಾವೆಲ್ಲ ಇಲ್ಲೇ ಇದೀವಿ."

ಅಷ್ಟೇ. ಆಮೇಲೆ ಹಿಂದಿನಿಂದ ಯಾರೋ, "ಸಾವಕಾಶ." ಎಡಗಡೆಯಿಂದ ಇನ್ಯಾರೋ, "ಸಾವಕಾಶ ಕಣಮ್ಮ, ಎಲ್ಲೂ ಹೋಗಲ್ಲ ನಾವು." ಇಡೀ ಚರ್ಚು ಗುನುಗುಟ್ಟತೊಡಗಿತು. ನಿಮಗೆ ಇದನ್ನು ಬಿಡಿಸಿ ಹೇಳಬೇಕೇ? ನಿಮ್ಮಲ್ಲಿ ಯಾರಿಗೆ ಈ ಮಾತು ಬೇಕಾಗಿಲ್ಲ? ಪಾದ್ರಿಗಳೇ, ತಮ್ಮ ಮೊದಲ ಪ್ರವಚನದ ದಿನ ತಮಗೆ ಎಷ್ಟು ಸಲ ಬೇಕಾಯಿತು ಅಂತ ನಾನು ಹೇಳುವುದಿಲ್ಲ. ಆ ಗುನುಗಿನ ಮೇಲೆ ಕಾಲಿಟ್ಟು ಆ ಹುಡುಗಿ ಎರಡನೇ ಸಾಲಿಗೆ ಹೋದಳು, ಮೂರನೆಯದಕ್ಕೆ ಹೋದಳು. ಹಾಡು ಮುಗಿಯುವ ಹೊತ್ತಿಗೆ ಹೆಣ ಸಾಗಿಸುವ ಅಂಗಡಿಯ ಪಿಂಕ್ನಿ, ಯಾರ ಸಾವಿಗೂ ಅಳದವನು, ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಆಮೇಲಿನ ಕಥೆ ನಿಮಗೆ ಗೊತ್ತು. ಗೊತ್ತಿಲ್ಲದ್ದನ್ನು ಮಾತ್ರ ಹೇಳುತ್ತೇನೆ. ಉತ್ತರದ ಒಂದು ಸಂಗೀತ ಶಾಲೆ — ಹೆಸರು ಬೇಡ, ಆ ಹೆಸರು ಈ ಚರ್ಚಿನಲ್ಲಿ ಎತ್ತಲು ಯೋಗ್ಯವಲ್ಲ — ಪತ್ರದಲ್ಲಿ "ಬನ್ನಿ" ಅಂದಿತು. ಎರಡು ದಿನ ರೈಲಿನಲ್ಲಿ ಹೋದೆವು. ಗುಮಾಸ್ತೆ ನಮ್ಮ ಕಪ್ಪು ಮುಖ ನೋಡಿದಳು, ಪಟ್ಟಿ ನೋಡಿದಳು, "ಎಲ್ಲ ಸೀಟೂ ತುಂಬಿದೆ" ಅಂದಳು. ಆಕೆಯ ಹಿಂದೆ ಬಾಗಿಲು ತೆರೆದಿತ್ತು. ಒಳಗೆ ಖಾಲಿ ಕುರ್ಚಿಗಳು ಕಾಣುತ್ತಿದ್ದವು. ಅಲ್ಮೀಡಾ ನಿಂತಲ್ಲೇ ಎಣಿಸಿ, "ಏಳು ಕುರ್ಚಿ ಖಾಲಿ ಇದ್ವು ಲೂಷಿಯಸ್" ಅಂದಳು, ವಾಪಸ್ ಬರುವಾಗ. ಸಾಯುವ ತನಕ ಆ ಏಳನ್ನು ಮರೆಯಲಿಲ್ಲ. ಯಾವ ಊರಲ್ಲಿ ಹಾಡಲಿ, ವೇದಿಕೆಯ ಮೇಲಿಂದ ಮೊದಲು ಖಾಲಿ ಕುರ್ಚಿ ಎಣಿಸುತ್ತಿದ್ದಳು.

ಯೂರೋಪಿಗೆ ಹೋದೆವು. ಕೋಪನ್‌ಹೇಗನ್, ವಿಯೆನ್ನಾ, ಆಸ್ಲೋ. ಅಲ್ಲಿ ಆಕೆ ಎಲ್ಲರ ಬಾಯಲ್ಲೂ ಮಿಸ್ ಟ್ರೂಸ್‌ಡೇಲ್. ಅಲ್ಲಿ ಹೂವು, ಗಾಡಿ, ಹೋಟೆಲಿನ ಮುಂಬಾಗಿಲು. ಹಡಗಿಳಿದು ನಮ್ಮ ದೇಶದ ರೈಲು ಹತ್ತಿದರೆ — ರಾಣಿಯರ ಮುಂದೆ ಹಾಡಿ ಬಂದ ಹೆಂಗಸು ಶೂ ಡಬ್ಬಿಯಲ್ಲಿ ತಂದ ಹುರಿದ ಕೋಳಿ, ಬೇಯಿಸಿದ ಮೊಟ್ಟೆ ತಿನ್ನಬೇಕು. ಊಟದ ಬೋಗಿ ಬಿಳಿಯರಿಗೆ ಮಾತ್ರ, ನಮಗೆ ಪ್ರವೇಶವಿಲ್ಲ. ಆಕೆ ಮಡಿಲ ಮೇಲೆ ಕರವಸ್ತ್ರ ಹಾಸಿ, ಮೊಟ್ಟೆ ಸುಲಿದು, "ಲೂಷಿಯಸ್, ಉಪ್ಪು ಈ ಕಡೆ ತಳ್ಳಪ್ಪ. ಇವತ್ತಿನ ಔತಣ ಚೆನ್ನಾಗಿದೆ, ದೊರೆಗಳು ಮಾತ್ರ ಬಂದಿಲ್ಲ" ಅನ್ನುತ್ತಿದ್ದಳು. ನಗುತ್ತಿದ್ದೆವು. ನಗದೆ ಇನ್ನೇನು ಮಾಡುವುದು.

ಒಂದು ಸಲ ಆಸ್ಲೋದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಕೇಳಿದೆ, "ಇಲ್ಲಿ ಜನ ಎಷ್ಟು ಚೆನ್ನಾಗಿ ಕೇಳ್ತಾರಲ್ವಾ?"

"ಚೆನ್ನಾಗೇ ಕೇಳ್ತಾರೆ," ಅಂದಳು. "ಡಾಕ್ಟರು ಎದೆ ಬಡಿತ ಕೇಳ್ತಾರಲ್ಲ, ಹಾಗೆ. ಮಾತಾಡಲ್ಲ. ನಮ್ಮೂರಲ್ಲಾದ್ರೆ ಹಾಡಿದ್ದಕ್ಕೆ ಉತ್ತರ ಬರುತ್ತೆ. ಒಂದು ಸಲ ಅಮ್ಮನ ಎದುರಿಗೆ, ದೊಡ್ಡ ಹಾಲಲ್ಲಿ, ಉತ್ತರ ಬರೋ ಹಾಗೆ ಹಾಡಬೇಕು."

ಇದಿಷ್ಟೇ ಆಕೆ ಬಯಸಿದ್ದು. ಉತ್ತರ ಬರಬೇಕು ಅಂತ. ನೆನಪಿಟ್ಟುಕೊಳ್ಳಿ.

ನಮ್ಮೂರಿನ ದೊಡ್ಡ ಹಾಲು ಅಂದರೆ ವಿಟ್ಲಾಕ್ ಹಾಲು. ಅದರ ಕೆಂಪು ಮಖಮಲ್ಲಿನ ಪರದೆ ಇದೆಯಲ್ಲ, ಅದರ ಅಂಚು ಹೊಲಿದದ್ದು ಮದರ್ ಹೆಸ್ಟರ್. ಹನ್ನೊಂದು ವಾರ ನೆಲದ ಮೇಲೆ ಕೂತು ಕೈಯಲ್ಲಿ ಹೊಲಿದದ್ದು. ಆ ಪರದೆ ಮೇಲೇಳುವುದನ್ನು ಅವರು ಒಂದು ದಿನವೂ ನೋಡಿರಲಿಲ್ಲ. "ನನ್ನ ಹೊಲಿಗೆ ಮೇಲೆದ್ದು, ಅದರ ಹಿಂದೆ ನನ್ನ ಮಗಳು ನಿಂತಿರೋದನ್ನ ನೋಡಿ ಕಣ್ಣು ಮುಚ್ತೀನಿ" ಅನ್ನುತ್ತಿದ್ದರು.

ಒಂಬತ್ತು ವರ್ಷ ಹಾಲಿಗೆ ಪತ್ರ ಬರೆದೆ. ನಾನೇ ಬರೆದೆ, ನನ್ನ ಅಕ್ಷರ ಚೆನ್ನಾಗಿದೆ ಅಂತ. ಒಂಬತ್ತು ವರ್ಷವೂ ಒಂದೇ ಉತ್ತರ — "ಆ ದಿನಾಂಕ ಮೊದಲೇ ಕೊಟ್ಟಾಗಿದೆ." ಯಾರಿಗೆ ಕೊಟ್ಟಿದ್ದೀರಿ? ಒಂದು ವರ್ಷ ಹೋಗಿ ನೋಡಿದೆ. ಕೋಳಿ ಪ್ರದರ್ಶನ. ತಮಾಷೆ ಮಾಡುತ್ತಿಲ್ಲ ಸ್ವಾಮಿ. ಜಿಲ್ಲೆಯ ಕೋಳಿ ಸಾಕಣೆದಾರರ ಪ್ರದರ್ಶನ. ಕೆಂಪು ಜುಟ್ಟಿನ ಹುಂಜಗಳು ಪಂಜರದಲ್ಲಿ ಕೂತು, ವಿಟ್ಲಾಕ್ ಹಾಲಿನ ಮುಂಬಾಗಿಲಿನಿಂದ, ಅಮೃತಶಿಲೆಯ ಮೆಟ್ಟಿಲು ಹತ್ತಿ, ಒಳಗೆ ಹೋದವು. ನಾನು ರಸ್ತೆಯ ಆಚೆ ಬದಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಹತ್ತನೇ ವರ್ಷ ಒಪ್ಪಿದರು. ಜಗತ್ತಿನ ಪತ್ರಿಕೆಗಳೆಲ್ಲ ಆಕೆಯ ಹೆಸರು ಬರೆದು, ಇನ್ನು ಒಪ್ಪದಿದ್ದರೆ ನಗೆಪಾಟಲು ಅನ್ನುವಂತಾದ ಮೇಲೆ. ಷರತ್ತುಗಳೊಂದಿಗೆ. ನಮ್ಮವರು ಮೇಲಿನ ಬಾಲ್ಕನಿಯಲ್ಲಿ, ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ ಬರಬೇಕು. ಕಲಾವಿದೆ — ಹಿಂದಿನ ಸರಕಿನ ಬಾಗಿಲಿನಿಂದ ಬರಬೇಕು. ಅಲಂಕಾರದ ಕೋಣೆ ದುರಸ್ತಿಯಲ್ಲಿದೆ. ಪೊರಕೆ ಇಡುವ ಕೋಣೆಯಲ್ಲಿ ಒಂದು ಕನ್ನಡಿ ಇಟ್ಟುಕೊಡುತ್ತಾರೆ.

ಎರಡೂ ಕೈ ಚಾಚಿ ಬರಮಾಡಿಕೊಂಡಿತು ಅಂದಿರಲ್ಲ ಸ್ವಾಮಿ — ಆ ಕೈ ತೋರಿಸಿದ್ದು ಸರಕಿನ ಬಾಗಿಲನ್ನು. ಅದನ್ನು ಹಿತ್ತಾಳೆಯಲ್ಲಿ ಕೊರೆಯಿರಿ. ಬದುಕಿದ್ದಾಗ ಪೊರಕೆ ಕೋಣೆ, ಸತ್ತ ಮೇಲೆ ಫಲಕ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರೆ. ಕ್ಲೀಟಾ ಅಮ್ಮ, ಗಾದೆ ಒರಟಾಯಿತು, ಕ್ಷಮಿಸಿ. ಬೇರೆ ಗಾದೆ ಹುಡುಕಿದೆ, ಇದೇ ಸರಿಯಾಗಿ ಕೂತಿತು.

ಯಾಕೆ ಚಪ್ಪಾಳೆ ತಟ್ಟುತ್ತಿದ್ದೀರಿ? ಬೇಡ. ಹಿಂದಿನ ಸಾಲಿನವರು, ಕೈ ಇಳಿಸಿ. ಇಷ್ಟು ಹೊತ್ತು ನಾನು ಹೇಳಿದ್ದು ಸುಲಭದ್ದು. ಆ ಜನರನ್ನು ಬೈಯುವುದು ನನಗೆ ಸುಲಭ, ಕೇಳುವುದು ನಿಮಗೆ ಸುಲಭ. ಈಗ ಕಷ್ಟದ್ದು ಬರುತ್ತದೆ. ಪುಸ್ತಿಕೆಯ ಎರಡನೇ ಸಾಲು. "ಇಡೀ ಸಭೆ ಮೌನವಾಗಿ ಆಲಿಸಿತು."

ಮೌನವಾಗಿತ್ತು. ಅದು ನಿಜ. ಆ ಮೌನ ಯಾರದು ಅಂತ ಹೇಳುತ್ತೇನೆ.

ಷರತ್ತುಗಳು ಬಂದ ಮೇಲೆ ನಮ್ಮ ಓಣಿಯ ಗಣ್ಯರೆಲ್ಲ ಸೇರಿ ಸಮಿತಿ ಮಾಡಿದೆವು. ಡಾಕ್ಟರು, ಇಬ್ಬರು ಮೇಷ್ಟ್ರು, ಪಿಂಕ್ನಿ, ನಾನು. ಹಾಲಿನವರ ಜೊತೆ ಜಗಳ ಆಡಲು ಮಾಡಿದ ಸಮಿತಿ ಅಂದುಕೊಂಡಿರಾ? ಅಲ್ಲ. ನಾವು ನಮ್ಮವರಿಗೆ ಬುದ್ಧಿ ಹೇಳಲು ಮಾಡಿದ ಸಮಿತಿ. "ಬಿಳಿಯರು ಅವಳೊಬ್ಬಳನ್ನೇ ನೋಡಲ್ಲ, ಬಾಲ್ಕನಿ ಕಡೆ ತಿರುಗಿ ನಮ್ಮನ್ನೂ ನೋಡ್ತಾರೆ. ಚರ್ಚಲ್ಲಿ ಕೂಗಿದ ಹಾಗೆ ಅಲ್ಲೂ ಕೂಗಿದ್ರೆ ಅವಳ ಮಾನ ಹೋಗುತ್ತೆ" — ಇದು ನಮ್ಮ ಮಾತು. ಎಲ್ಲರೂ ತಲೆದೂಗಿದೆವು. ಒಂದು ಚೀಟಿ ಮಾಡಿ ಮನೆಮನೆಗೆ ಹಂಚುವುದು ಅಂತಾಯಿತು. ಯಾರು ಬರೆಯುವುದು? ಅಕ್ಷರ ಚೆನ್ನಾಗಿರುವವನು.

ಇಗೋ, ನನ್ನ ಕೈಯಲ್ಲಿದೆ. ಓದುತ್ತೇನೆ. "ವಿಟ್ಲಾಕ್ ಹಾಲಿಗೆ ಬರುವ ನಮ್ಮ ಬಾಂಧವರಲ್ಲಿ ವಿನಂತಿ. ಹಾಡಿನ ನಡುವೆ ಆಮೆನ್ ಅನ್ನಬಾರದು. ಗುನುಗಬಾರದು. ಕಾಲಿನಲ್ಲಿ ತಾಳ ಹಾಕಬಾರದು. ಗಾಯಕಿಯನ್ನು ಉದ್ದೇಶಿಸಿ ಯಾವ ಮಾತನ್ನೂ ಆಡಬಾರದು. ಅಂಗಡಿಯ ಜಾಹೀರಾತಿನ ಬೀಸಣಿಗೆ ತರಬಾರದು. ಪಿಯಾನೋ ವಾದಕರು ಕೈ ಎತ್ತಿದ ಮೇಲೆ ಮಾತ್ರ ಚಪ್ಪಾಳೆ. ನಾವು ಯಾರೆಂದು ಈ ಸಂಜೆ ತೋರಿಸೋಣ."

ನಾವು ಯಾರೆಂದು. ತೋರಿಸಿದೆವು.

ಮದರ್ ಹೆಸ್ಟರ್ ಮನೆಗೆ ನಾನೇ ಹೋದೆ. ಕಿಟಕಿಯ ಹತ್ತಿರ ಕೂತು ತಮ್ಮ ಹೊಸ ಟೋಪಿಗೆ ರಿಬ್ಬನ್ ಹೊಲಿಯುತ್ತಿದ್ದರು. ಎಪ್ಪತ್ತೆಂಟು ವರ್ಷ. ಚೀಟಿ ಓದಿಸಿಕೊಂಡರು.

"ಅಂದ್ರೆ, ಹಲ್ಲು ಕೀಳಿಸೋಕೆ ಕೂತವಳ ಹಾಗೆ ಕೂತಿರಬೇಕು ನಾನು?"

"ಒಂದೇ ಒಂದು ಸಂಜೆ, ಮದರ್."

"ಹೆತ್ತ ಮಗಳು ಹಾಡ್ತಾ ಇದ್ರೆ ಹೂಂ ಅಂತಾನೂ ಅನ್ನಬಾರದು?"

"ದೊಡ್ಡ ಹಾಲು, ಮದರ್. ಅಲ್ಲಿ ಪದ್ಧತಿ ಬೇರೆ."

ಸೂಜಿಗೆ ದಾರ ಪೋಣಿಸಿದರು. ಆಮೇಲೆ ಕೇಳಿದರು, "ಅವಳಿಗೆ ನಾನು ಬೇಕಾದ್ರೆ?"

ನಾನು ಏನಂದೆ ಗೊತ್ತೇ? ನಗುತ್ತಾ ಅಂದೆ. "ವಿಯೆನ್ನಾದಲ್ಲಿ ಹಾಡಿ ಬಂದವಳು, ಮದರ್. ಬೇಕಾಗಲ್ಲ ಬಿಡಿ."

ಈ ಬಾಯಿಯಿಂದಲೇ ಅಂದೆ.

ಸಂಜೆ ಬಂತು. ಪರದೆ ಮೇಲೆದ್ದಿತು. ಬಾಲ್ಕನಿಯಲ್ಲಿ ನಮ್ಮವರು ಮುನ್ನೂರು ಜನ, ಹೆಂಗಸರೆಲ್ಲ ಟೋಪಿ, ಗಂಡಸರೆಲ್ಲ ಟೈ, ಕೈಗಳು ಮಡಿಲಲ್ಲಿ. ಒಂದು ಕೆಮ್ಮೂ ಇಲ್ಲ. ಮೊದಲರ್ಧ ಜರ್ಮನ್ ಹಾಡುಗಳು, ಇಟಾಲಿಯನ್ ಹಾಡುಗಳು. ಆಕೆ ಬೆಣ್ಣೆಯಿಂದ ಕೂದಲು ತೆಗೆದಂತೆ ಹಾಡಿದಳು. ಕೊನೆಗೆ ನಮ್ಮ ಹಾಡುಗಳು. ಅದರಲ್ಲಿ ಮೊದಲನೆಯದು ಮದರ್ ಹೆಸ್ಟರ್ ಹೊಲಿಯುತ್ತಾ ಹೇಳಿಕೊಳ್ಳುತ್ತಿದ್ದ ನದಿ ದಾಟುವ ಹಾಡು. ಅದಕ್ಕೆಂದೇ ಆಕೆ ಇಷ್ಟು ದೂರ ಬಂದದ್ದು.

ನಾನು ಕೀಲಿಗಳ ಮೇಲೆ ಕೈ ಇಟ್ಟೆ. ಆಗ ಕೆಳಗೆ ಮೂರನೇ ಸಾಲಿನಲ್ಲಿ ಒಬ್ಬ, ಸೊಗಸಾದ ಕೋಟು ತೊಟ್ಟವನು, ಕಾಲ ಮೇಲೆ ಕಾಲು ಹಾಕಿ ಆರಾಮಾಗಿ ಹೇಳಿದ, "ಏ ಹುಡುಗಿ, ಸಾಕು ಆ ಗೋಳು. ಹತ್ತಿ ಬಿಡಿಸೋರ ಹಾಡು ಹೇಳು, ಸ್ವಲ್ಪ ಕುಣಿದು ತೋರಿಸು."

ಸುತ್ತ ನಕ್ಕರು. ಎಲ್ಲರೂ ಅಲ್ಲ. ಸಾಕಾಗುವಷ್ಟು ಜನ ನಕ್ಕರು. ಆಡಳಿತದವರು ಯಾರೂ ಏಳಲಿಲ್ಲ.

ಆಕೆ ನನ್ನ ಕಡೆ ತಲೆ ಆಡಿಸಿದಳು, ಶುರು ಮಾಡು ಅಂತ. ನಾಲ್ಕು ಆವರ್ತದ ಪೀಠಿಕೆ ನುಡಿಸಿದೆ. ಆಕೆ ಹಾಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹಾಗೆ ಆಗಿರಲಿಲ್ಲ. ಮತ್ತೆ ಅದೇ ನಾಲ್ಕು ಆವರ್ತ ನುಡಿಸಿದೆ. ಹಾಡಲಿಲ್ಲ. ನೋಡಿದೆ — ಗದ್ದ ನಡುಗುತ್ತಿದೆ. ಆ ಈಸ್ಟರ್ ಭಾನುವಾರದ ಗದ್ದ. ಕಣ್ಣು ಬಾಲ್ಕನಿಯ ಕಡೆ.

ಕಾಯುತ್ತಿದ್ದಳು. ಕಾಯುತ್ತಿದ್ದಳು, ಸ್ವಾಮಿ. ಹುಟ್ಟಿದಾಗಿನಿಂದ ಕಾಲು ಜಾರಿದಾಗಲೆಲ್ಲ ಬರುತ್ತಿದ್ದ ಆ ಒಂದು ಮಾತಿಗೆ ಕಾಯುತ್ತಿದ್ದಳು.

ಮುನ್ನೂರು ಜನ. ಒಬ್ಬರೂ ಬಾಯಿ ಬಿಡಲಿಲ್ಲ. ಚೀಟಿಯಲ್ಲಿ ಬರೆದಿತ್ತಲ್ಲ.

ಮದರ್ ಹೆಸ್ಟರ್ ಅರ್ಧ ಎದ್ದರು. ಇದು ನನಗೆ ಆಮೇಲೆ ಗೊತ್ತಾಯಿತು. ಎದ್ದರು, ಬಾಯಿ ತೆರೆದರು. ಆಗ ಬಾಲ್ಕನಿಗೆ ನಾವೇ ನೇಮಿಸಿದ್ದ ನಮ್ಮದೇ ಚರ್ಚಿನ ಸ್ವಯಂಸೇವಕಿ, ಬಿಳಿ ಕೈಗವಸಿನ ಕೈಯನ್ನು ಅವರ ಭುಜದ ಮೇಲಿಟ್ಟು ಚೀಟಿ ತೋರಿಸಿದಳು. ಮೆತ್ತಗೆ, ಮರ್ಯಾದೆಯಿಂದಲೇ ತೋರಿಸಿದಳು. ಮದರ್ ಹೆಸ್ಟರ್ ಕೂತರು. ಆ ಕೈ ಇಟ್ಟವರು ಇವತ್ತು ಈ ಸಭೆಯಲ್ಲಿದ್ದಾರೆ. ಹೆಸರು ಹೇಳುವುದಿಲ್ಲ. ಅಮ್ಮ, ತಪ್ಪು ನಿಮ್ಮದಲ್ಲ. ಬರೆದವನದು.

ಮತ್ತೆ ಬರೆದವನು ಎಲ್ಲಿದ್ದ? ಎರಡು ಹೆಜ್ಜೆ ಹಿಂದೆ. ಎರಡೇ ಹೆಜ್ಜೆ. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಪಿಸುಗುಟ್ಟಿದ್ದರೂ ಕೇಳಿಸುತ್ತಿತ್ತು. ನುಂಗಿದೆ. ಮೂರನೇ ಸಲ ಪೀಠಿಕೆ ನುಡಿಸಿದೆ, ಅಷ್ಟೇ.

ಆಗ ಆಕೆ ತುಟಿ ಅಲ್ಲಾಡಿಸಿದಳು. ಸಭೆಗೆ ಕೇಳಿಸಲಿಲ್ಲ. ನನಗೊಬ್ಬನಿಗೇ ಕೇಳಿಸಿತು. ತನಗೆ ತಾನೇ, ತನ್ನಮ್ಮನ ಧ್ವನಿಯಲ್ಲಿ, "ಸಾವಕಾಶ, ಮಗಳೇ" ಅಂದುಕೊಂಡಳು. "ನಾವೆಲ್ಲ ಇಲ್ಲೇ ಇದೀವಿ" ಅನ್ನಲಿಲ್ಲ. ಅಲ್ಲಿಗೆ ನಿಲ್ಲಿಸಿ ಹಾಡಿದಳು.

ಚೆನ್ನಾಗಿ ಹಾಡಿದಳು. ಒಂದು ಸ್ವರ ಆಚೀಚೆ ಇಲ್ಲ. ನಾನು ಕೈ ಎತ್ತಿದೆ, ನಮ್ಮವರು ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಊರಿನ ಪತ್ರಿಕೆ "ಅಲ್ಮೀಡಾ ಹಾಡಿದಳು" ಅಂತ ಬರೆಯಿತು. ಮಿಸ್ ಇಲ್ಲ, ಟ್ರೂಸ್‌ಡೇಲ್ ಇಲ್ಲ. "ಬಾಲ್ಕನಿಯ ವರ್ತನೆ ಶ್ಲಾಘನೀಯ" ಅಂತಲೂ ಬರೆಯಿತು. ನಮ್ಮ ಸಮಿತಿಯ ಡಾಕ್ಟರು ಅದನ್ನು ಕತ್ತರಿಸಿ ಗಾಜಿನ ಚೌಕಟ್ಟು ಹಾಕಿಸಿ ದವಾಖಾನೆಯಲ್ಲಿ ನೇತು ಹಾಕಿದರು.

ಸರಕಿನ ಬಾಗಿಲಿನ ಹೊರಗೆ ಮದರ್ ಹೆಸ್ಟರ್ ನಿಂತಿದ್ದರು. ಮಗಳ ಕೈ ಹಿಡಿದುಕೊಂಡರು. "ಎದ್ದಿದ್ದೆ ಕಣೆ. ಎದ್ದಿದ್ದೆ. ಮಾತಾಡಬೇಡಿ ಅಂತ ಚೀಟೀಲಿ ಬರೆದಿತ್ತು."

"ಯಾರಮ್ಮ ಬರೆದಿದ್ದು?"

ಮದರ್ ಹೆಸ್ಟರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಯಾರೋ," ಅಂದರು. ಆ ವರ್ಷದ ಕೊನೆಯಲ್ಲಿ ತೀರಿಕೊಂಡರು. ಹಾಗೆ ಮುಚ್ಚಿಟ್ಟುಕೊಂಡೇ ಹೋದರು.

ಮುಂದಿನ ಹನ್ನೊಂದು ವರ್ಷ ನಾವು ಊರೂರು ತಿರುಗಿದೆವು. ಆ ನದಿ ದಾಟುವ ಹಾಡನ್ನು ಆಕೆ ಮತ್ತೆ ಹಾಡಲಿಲ್ಲ. ಆಮೇಲೆ ಊರಿಗೆ ಬಂದು ನೆಲೆಸಿದಳು, ಮಕ್ಕಳಿಗೆ ಪಾಠ ಹೇಳಿದಳು. ಈ ಚರ್ಚಿನ ಕೊನೆಯ ಬೆಂಚಿನಲ್ಲಿ ಹದಿನಾರು ವರ್ಷ ಕೂತಳು. ಸಭೆಯೆಲ್ಲ ಹಾಡುವಾಗ ಬಾಯಿ ತೆರೆಯಲಿಲ್ಲ. ನೀವೇನಂದಿರಿ? ಚರ್ಚಿನ ಅಂಗಳದಲ್ಲಿ ಮೀನು ಹುರಿದು ಉಣ್ಣುವ ಶುಕ್ರವಾರಗಳಲ್ಲಿ ತಟ್ಟೆ ಹಿಡಿದುಕೊಂಡು ಏನಂದಿರಿ? "ರಾಜರ ಮುಂದೆ ಹಾಡಿದವಳು ತಾಯಿ, ನಮ್ಮ ಜೊತೆ ಹಾಡಿದ್ರೆ ಗಂಟಲು ಸವೆಯುತ್ತೆ." "ಕಾಲು ನೆಲಕ್ಕೆ ತಾಗಲ್ಲ ಈಗ." ಕೇಳಿಸಿಕೊಂಡಿದ್ದೇನೆ. ಕೇಳಿಸಿಕೊಂಡು, ನಿಜ ಗೊತ್ತಿದ್ದವನು ನಾನೊಬ್ಬನೇ, ಬಾಯಿಗೆ ಬೀಗ ಹಾಕಿಕೊಂಡು ಮೀನಿನ ಮುಳ್ಳು ಬಿಡಿಸಿದ್ದೇನೆ. ಹಾಲಿನವರ ಮೇಲೆ ನನಗೆ ಸಿಟ್ಟಿದೆ. ನಿಮ್ಮ ಮೇಲೂ ಇದೆ. ಎಲ್ಲಕ್ಕಿಂತ ಹೆಚ್ಚು ಈ ಅಕ್ಷರ ಚೆನ್ನಾಗಿರುವವನ ಮೇಲಿದೆ.

ಈ ಚೀಟಿ ಎಲ್ಲಿ ಸಿಕ್ಕಿತು ಅಂತ ಕೇಳಲಿಲ್ಲ ನೀವು. ಮಂಗಳವಾರ ಕ್ಲೀಟಾ ಅಮ್ಮ ಆಕೆಯ ಹಾಡಿನ ಹಾಳೆಗಳ ಚೀಲವನ್ನು ನನಗೆ ಕೊಟ್ಟರು. ಮನೆಗೆ ಹೋಗಿ ತೆಗೆದೆ. ಆ ನದಿ ದಾಟುವ ಹಾಡಿನ ಹಾಳೆಗಳ ನಡುವೆ ಇದು ಇತ್ತು. ಮದರ್ ಹೆಸ್ಟರ್ ಸತ್ತ ಮೇಲೆ ಅವರ ಬೈಬಲಿನಲ್ಲಿ ಆಕೆಗೆ ಸಿಕ್ಕಿರಬೇಕು. ನನ್ನ ಅಕ್ಷರ ಆಕೆಗೆ ಗೊತ್ತಿಲ್ಲವೇ? ಇಪ್ಪತ್ತು ವರ್ಷ ನಾನು ಬರೆದುಕೊಟ್ಟ ಹಾಳೆ ನೋಡಿ ಹಾಡಿದವಳು. ಗೊತ್ತಿತ್ತು. ಗೊತ್ತಿದ್ದೂ ನನ್ನ ಜೊತೆ ಹನ್ನೊಂದು ವರ್ಷ ವೇದಿಕೆ ಹತ್ತಿದಳು, ರೈಲಿನಲ್ಲಿ ನನಗೆ ಮೊಟ್ಟೆ ಸುಲಿದುಕೊಟ್ಟಳು. ಚೀಟಿ ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಬರೆದಿರಬಹುದು ಅಂತ. ಒಂದು ಬೈಗುಳವಾದರೂ ಇದ್ದಿದ್ದರೆ ನೆಮ್ಮದಿಯಾಗುತ್ತಿತ್ತು. ಏನೂ ಇಲ್ಲ. ಖಾಲಿ.

ಸಿಸ್ಟರ್ ಕ್ಲೀಟಾ, ಇದು ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಪುಸ್ತಿಕೆಯಲ್ಲಿ ಬರೆದದ್ದು ಸುಳ್ಳು. ಸಹಿ ಹಾಕಬೇಡಿ.

ಆಡಳಿತ ಮಂಡಳಿಯವರೇ, ಫಲಕ ಬೇಕೇ ಬೇಕು ಅಂದರೆ ಹೀಗೆ ಕೊರೆಸಿ. "ಅಲ್ಮೀಡಾ ಟ್ರೂಸ್‌ಡೇಲ್ ಅವರನ್ನು ನಾವು ಸರಕಿನ ಬಾಗಿಲಿನಿಂದ ಕರೆತಂದೆವು. ಅವರ ಸ್ವಂತ ಜನ ಮಾತಾಡಬಾರದೆಂದು ಅವರ ಸ್ವಂತ ಗೆಳೆಯನೇ ಬರೆದ." ಎರಡೂ ಸಾಲು ಹಾಕಿ, ನನ್ನ ಹೆಸರೂ ಹಾಕಿ. ಆಗ ಕ್ಲೀಟಾ ಅಮ್ಮನ ಕೈಗೆ ನಾನೇ ಪೆನ್ನು ಕೊಡುತ್ತೇನೆ. ಒಂದೇ ಸಾಲು ಹಾಕುವುದಾದರೆ ಬೇಡ. ಮುಂಬಾಗಿಲು ಅಲ್ಲಿದೆ, ತಾವು ಬಂದದ್ದೇ ದಾರಿ.

ಕಾರ್ಯಕ್ರಮದ ಹಾಳೆಯಲ್ಲಿ ಕೊನೆಗೆ "ಎರಡು ನಿಮಿಷ ಮೌನ" ಅಂತ ಇದೆ. ಸಭೆಯನ್ನು ಮೌನವಾಗಿರಿ ಅಂತ ಕೇಳಲು ಈ ಊರಿನಲ್ಲಿ ನನಗಿಂತ ಅನರ್ಹ ಇನ್ನೊಬ್ಬನಿಲ್ಲ. ಆದರೂ ಪದ್ಧತಿ. ಆದ್ದರಿಂದ ಕೇಳುತ್ತೇನೆ, ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ. ಆದರೆ ಈ ಸಲ ಯಾರಿಗೂ ಚೀಟಿ ಕೊಟ್ಟಿಲ್ಲ. ಆ ಎರಡು ನಿಮಿಷದಲ್ಲಿ ಯಾರ ಗಂಟಲಿನಿಂದಲಾದರೂ ಏನಾದರೂ ಬಂದರೆ, ಪಕ್ಕದವರು ತಿರುಗಿ ನೋಡಬೇಡಿ. ಸ್ವಯಂಸೇವಕರೇ, ಕೈಗವಸು ಬಿಚ್ಚಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಯಾರಿಂದಲೂ ಏನೂ ಬರದಿದ್ದರೆ — ಆ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿಸಿದ್ದೆ ಅನ್ನುವುದು ನನಗೆ ತಿಳಿಯುತ್ತದೆ.

ಮೊದಲನೆಯದನ್ನು ನಾನೇ ಹೇಳಿಬಿಡುತ್ತೇನೆ. ಇಪ್ಪತ್ತೇಳು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇದೆ.

ಸಾವಕಾಶ, ಅಲ್ಮೀಡಾ. ನಾವೆಲ್ಲ ಇಲ್ಲೇ ಇದೀವಿ.

ದಯವಿಟ್ಟು ಎದ್ದು ನಿಲ್ಲಿ.